ವಿಷಯ: ಆಟೊರೊಟೇಶನ್‌ಗೆ ಕನ್ನಡ ಪದ (ತುರ್ತು)

ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ತುರ್ತು ಕ್ರಮಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಈ ಒಂದು ಪದ ಉಳಿದಿದೆ. ಎಂಜಿನ್ ನಿಂತಾಗ ಫ್ರೀವೀಲ್ ಕ್ಲಚ್ ರೋಟರನ್ನು (ಮೇಲಿನ ತಿರುಗುವ ಅಲಗುಗಳನ್ನು) ಎಂಜಿನ್‌ನಿಂದ ಬಿಡಿಸುತ್ತದೆ. ಕೆಳಗಿನಿಂದ ನುಗ್ಗುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಇದೇ ಆಟೊರೊಟೇಶನ್. ಕರಡಿನಲ್ಲಿ ‘ಸ್ವಯಂಚಾಲಿತ ಭ್ರಮಣ’ ಎಂದಿದೆ. ಸರಿಯೇ?

ಉತ್ತರ 1:
ತಪ್ಪು. ‘ಸ್ವಯಂಚಾಲಿತ’ ಎಂದೊಡನೆ ಯಂತ್ರವೇ ನೋಡಿಕೊಳ್ಳುತ್ತದೆ ಎಂದು ಓದುಗ ಕೈಕಟ್ಟಿ ಕೂರುತ್ತಾನೆ. ಎಡಗೈಯ ಕಲೆಕ್ಟಿವ್ ಎಂಬ ಸನ್ನೆಯನ್ನು ಆ ಕ್ಷಣವೇ ಇಳಿಸಿ ಅಲಗುಗಳ ಕೋನ ತಗ್ಗಿಸಬೇಕಾದವನು ಪೈಲಟ್. ಆರ್22ರ ರೋಟರ್ ಹಗುರ. ಒಂದೆರಡು ಸೆಕೆಂಡ್ ತಡವಾದರೂ ಆರ್‌ಪಿಎಂ (ತಿರುಗುವ ವೇಗ) ಕುಸಿದು ಅಲಗುಗಳು ಸ್ಟಾಲ್ ಆಗುತ್ತವೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತವೆ. ಆಮೇಲೆ ಯಾವ ಗಾಳಿಯೂ ಅದನ್ನು ಎತ್ತಿಕೊಡದು. ‘ಗಾಳಿತಿರುಗು’ ಎನ್ನಿ.

ಉತ್ತರ 2:
‘ತಿರುಗು’ ಕ್ರಿಯಾಪದ. ವಿಭಕ್ತಿ ಹೇಗೆ ಹಚ್ಚುತ್ತೀರಿ? ‘ಗಾಳಿಭ್ರಮಣ’ ಎಂದರೆ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ‘ವಾಯುಭ್ರಮಣ’ ಮಾಡಿ, ಮುಗಿಯಿತು.

ಉತ್ತರ 3:
ವಾಯುಭ್ರಮಣ ಸುಂಟರಗಾಳಿಗೆ ಒಪ್ಪುವ ಹೆಸರು. ಮಳೆಗಾಲ, ಗಾಳಿಪಟ ಎರಡೂ ಅರಿಸಮಾಸವೇ, ಯಾರೂ ದೂರಿಲ್ಲ. ‘ಸುತ್ತು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಗಾಳಿಸುತ್ತು, ಗಾಳಿಸುತ್ತಿಗೆ, ಗಾಳಿಸುತ್ತಿನಲ್ಲಿ.

ಉತ್ತರ 2:
ಹಾಗಾದರೆ ರೋಟರ್, ಕ್ಲಚ್, ಕಲೆಕ್ಟಿವ್ ಯಾಕೆ ಇಂಗ್ಲಿಷಿನಲ್ಲೇ ಬಿಟ್ಟಿರಿ? ಹೆಲಿಕಾಪ್ಟರ್ ಗ್ರೀಕ್ ಮೂಲದ್ದು: ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರೊನ್ ಅಂದರೆ ರೆಕ್ಕೆ. ಒಡೆದರೆ ಹೆಲಿಕೊ-ಪ್ಟರ್ ಆಗಬೇಕು. ‘ಹೆಲಿ’ ಎಂದು ಕತ್ತರಿಸಿ ಹೆಲಿಪ್ಯಾಡ್ ಮಾಡಿದ್ದು ಇಂಗ್ಲಿಷಿನವರ ತಪ್ಪು, ಅದನ್ನೂ ಹೊತ್ತು ತಂದಿದ್ದೇವೆ. ಎರವಲು ಪಡೆಯುವಾಗ ಒಂದು ನಿಯಮ ಬೇಡವೇ?

ಉತ್ತರ 1:
ಭಾಗಗಳ ಹೆಸರು ಪೈಲಟ್ ಕಿವಿಗೆ ಬೀಳುವಂತೆಯೇ ಇರಲಿ. ಅಲ್ಲಿ ಗೊಂದಲವಾದರೆ ಜೀವಕ್ಕೆ ಸಂಚಕಾರ. ಇನ್ನೊಂದು ಮಾತು: ಪದದ ವಿವರಣೆಯಲ್ಲಿ ‘ಎಂಜಿನ್ ನಿಂತಾಗ’ ಎಂದಷ್ಟೇ ಬರೆಯಬೇಡಿ. ಬಾಲದ ರೋಟರ್ ಕೆಟ್ಟರೆ ಹೆಲಿಕಾಪ್ಟರಿನ ಒಡಲೇ ಗಿರ್ರನೆ ತಿರುಗತೊಡಗುತ್ತದೆ. ಆಗ ಎಂಜಿನ್ ಚೆನ್ನಾಗಿದ್ದರೂ ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ) ಮುಚ್ಚಿ ಇದೇ ಬಗೆಯಲ್ಲಿ ಇಳಿಸುತ್ತಾರೆ. ಎಂಜಿನ್ ರೋಟರನ್ನು ತಿರುಗಿಸುವುದು ನಿಂತರೆ ಒಡಲನ್ನು ಎದುರು ದಿಕ್ಕಿಗೆ ತಳ್ಳುವ ಬಲವೂ ಇಲ್ಲವಾಗುತ್ತದೆ.

ಪ್ರಶ್ನೆ ಕೇಳಿದವರು:
‘ಗಾಳಿಸುತ್ತು’ ಇಟ್ಟೆ. ವಿವರಣೆ ತಿದ್ದಿದೆ. ಸಾಲು ಹೀಗಿದೆ: ‘ಕಲೆಕ್ಟಿವ್ ಕೂಡಲೇ ಇಳಿಸಿ, ಗಾಳಿಸುತ್ತಿಗೆ ಬನ್ನಿ. ವೇಗ ಸುಮಾರು 65 ನಾಟ್ ಇರಲಿ. ನೆಲದಿಂದ ಸುಮಾರು 40 ಅಡಿಯಲ್ಲಿ ಮೂತಿ ಎತ್ತಿ ವೇಗ ಮುರಿಯಿರಿ. ಸುಮಾರು 8 ಅಡಿಯಲ್ಲಿ ಮಟ್ಟಕ್ಕೆ ತನ್ನಿ. ನೆಲ ತಾಗುವ ಮುನ್ನ ಕಲೆಕ್ಟಿವ್ ಎತ್ತಿ.’ ಫ್ಲೇರ್‌ಗೆ ‘ಮೂತಿ ಎತ್ತು’ ಸಾಕೇ?