ಅಪ್‌ಡೇಟ್: ಹೊಸ ಲ್ಯಾಪ್‌ಟಾಪ್‌ನಲ್ಲೂ ನನ್ನ ಓಎಸ್ ಬೂಟ್ ಆಯಿತು!

ನಾನೇ ಬರೆದ ಪುಟ್ಟ ಓಎಸ್ (ಆಪರೇಟಿಂಗ್ ಸಿಸ್ಟಂ) ದಾವಣಗೆರೆಯ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಓಡುತ್ತದೆ, ತಂಗಿಯ ಹೊಸ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್ ಬೂಟ್ ಮೆನುವಿಗೇ ಬರಲ್ಲ, ಯಾಕೆ ಅಂತ ಕೇಳಿದ್ದೆ.

ಕಾರಣ ಸಿಕ್ಕಿತು. ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಪ್ರೋಗ್ರಾಂ ಹಳೇ ಯಂತ್ರಗಳಲ್ಲಿ ಬಯಾಸ್. ಅದು ಡಿಸ್ಕಿನ ಮೊದಲ 512 ಬೈಟ್ ಓದಿ ಓಡಿಸುತ್ತದೆ. ಆ ಲ್ಯಾಪ್‌ಟಾಪ್‌ನಲ್ಲಿ ಇರುವುದು ಬಯಾಸ್ ಜಾಗಕ್ಕೆ ಬಂದ ಯುಇಎಫ್‌ಐ ಮಾತ್ರ. ಅದು ಫ್ಯಾಟ್ ಪಾರ್ಟಿಷನ್‌ನಲ್ಲಿ (ಫ್ಯಾಟ್ ಎಂಬ ಫೈಲ್ ವ್ಯವಸ್ಥೆ ಇರುವ ಡಿಸ್ಕಿನ ಭಾಗದಲ್ಲಿ) ಬೂಟ್ ಶುರುಮಾಡುವ ಇಎಫ್‌ಐ ಫೈಲ್ ಹುಡುಕುತ್ತದೆ. ನನ್ನ ಪೆನ್‌ಡ್ರೈವ್‌ನಲ್ಲಿ ಅದಿರಲಿಲ್ಲ. ಎರಡಕ್ಕೂ ಆಗುವ ಲಿಮೈನ್ ಎಂಬ ಬೂಟ್‌ಲೋಡರ್ (ಓಎಸ್ ಅನ್ನು ಮೆಮೊರಿಗೆ ತಂದು ಶುರುಮಾಡುವ ಪ್ರೋಗ್ರಾಂ) ಹಾಕಿದೆ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಯುಇಎಫ್‌ಐನಲ್ಲಿ, ಅಕ್ಷರ ಕೊಟ್ಟರೆ ತಾನೇ ತೋರಿಸುವ 80×25ರ (ಸಾಲಿಗೆ 80 ಅಕ್ಷರ, 25 ಸಾಲು) ಟೆಕ್ಸ್ಟ್ ಮೋಡ್ ಇಲ್ಲ, ಅಕ್ಷರಗಳನ್ನು ಪಿಕ್ಸೆಲ್ ಪಿಕ್ಸೆಲ್ಲಾಗಿ ನಾನೇ ಬಿಡಿಸಬೇಕು. ಬಿಡಿಸಿದರೆ ಎಲ್ಲಾ ಓರೆ! ಮೆಮೊರಿಯಲ್ಲಿ ಒಂದು ಸಾಲಿನ ಉದ್ದ ಪರದೆಯ ಅಗಲಕ್ಕಿಂತ ಜಾಸ್ತಿ ಇರಬಹುದು ಅಂತ ಎರಡು ರಾತ್ರಿ ಹೊಳೆಯಲೇ ಇಲ್ಲ. ಅಗಲದ ಬದಲು ಆ ಉದ್ದವನ್ನು, ಅಂದರೆ ಪಿಚ್ ಅನ್ನು, ಬಳಸಿದ ಕೂಡಲೇ ನೆಟ್ಟಗಾಯಿತು. ಎಷ್ಟು ಖುಷಿಯಾಯಿತು ಗೊತ್ತಾ!

ಯುಎಸ್‌ಬಿ ಕೀಬೋರ್ಡ್ ಡ್ರೈವರ್ ಇನ್ನೂ ಬಾಕಿ ಇದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.