ಪದಚರ್ಚೆ: ನಾಯಿಗೆ ‘ಸುಮ್ಮನಿರು’ ಅಂದರೆ ಯಾವ ಸುಮ್ಮನೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಕುನಾಯಿಗೆ ಮನೆಯೊಳಗೆ ಶಾಂತವಾಗಿರಲು ಕಲಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುವಾಗ ಒಂದು ತೊಡಕು ಎದುರಾಗಿದೆ. ಇದ್ದಲ್ಲೇ ಕಾಯಲು ಹೇಳುವ ‘ಸ್ಟೇ’ಗೂ ಮೈ ಸಡಿಲಿಸಿ ಮಲಗುವ ‘ಸೆಟಲ್’ಗೂ ‘ಸುಮ್ಮನಿರು’ ಎಂದೇ ಬರುತ್ತಿದೆ. ಬೊಗಳುವುದನ್ನು ನಿಲ್ಲಿಸುವುದಕ್ಕೂ ಅದೇ. ಒಂದೇ ಪದ ಸಾಕೇ? ‘ಶಾಂತವಾಗಿರು’ ಎಂದರೆ ಪ್ರವಚನದ ಹಾಗೆ ಕೇಳಿಸುತ್ತದೆ. ಜೊತೆಗೆ, ಈ ಇಡೀ ಕೆಲಸವನ್ನು ‘ಪಳಗಿಸುವುದು’ ಎನ್ನಬಹುದೇ?

ಉತ್ತರ 1

ಸಾಲದು. ‘ಸುಮ್ಮನೆ’ಗೆ ಹಲವು ಅರ್ಥ. ‘ಎಷ್ಟು ಕೇಳಿದರೂ ಸುಮ್ಮನಿದ್ದ’ ಎಂದರೆ ಬಾಯಿ ಬಿಡಲಿಲ್ಲ, ‘ಮಗು ಒಂದು ಗಳಿಗೆ ಸುಮ್ಮನೆ ಕೂರಲ್ಲ’ ಎಂದರೆ ಕೈಕಾಲು ನಿಲ್ಲುವುದಿಲ್ಲ, ‘ಸುಮ್ಮನೆ ಬಂದೆ’ ಎಂದರೆ ಕಾರಣವಿಲ್ಲ. ನಾವು ಸಂದರ್ಭ ನೋಡಿ ಅರ್ಥ ಆರಿಸಿಕೊಳ್ಳುತ್ತೇವೆ. ನಾಯಿಗಿರುವುದು ಸದ್ದು, ಮತ್ತು ಆ ಸದ್ದಿನ ಬೆನ್ನಿಗೆ ಏನಾಯಿತು ಎಂಬ ನೆನಪು. ಜನ ಈ ಪದವನ್ನು ಕೂಗುವುದು ಹೆಚ್ಚಾಗಿ ನಾಯಿ ಬೊಗಳುತ್ತಿರುವಾಗಲೇ, ಅದೂ ಅದಕ್ಕಿಂತ ಜೋರಾಗಿ. ಅಲ್ಲಿಗೆ ‘ಸುಮ್ಮನಿರು’ ಗಲಾಟೆಯ ಒಂದು ಭಾಗವಾಗಿಬಿಡುತ್ತದೆ.

‘ಸ್ಟೇ’ ಅಪ್ಪಣೆ. ಅದಕ್ಕೆ ‘ಇರು’ ಚೆನ್ನಾಗಿ ಒಪ್ಪುತ್ತದೆ. ‘ಇರು, ಬಂದೆ’ ಎನ್ನುವಾಗಿನ ಕಾಯುವ ಅರ್ಥ ಅದರಲ್ಲೇ ಇದೆ. ‘ನಿಲ್ಲು’ ಬೇಡ, ಕೂತ ನಾಯಿಗೆ ನಿಲ್ಲು ಎನ್ನುವುದು ನಮ್ಮ ಕಿವಿಗೇ ಅಡ್ಡ. ‘ಸೆಟಲ್’ ಅಪ್ಪಣೆಯಲ್ಲ, ಮೈಯ ಸ್ಥಿತಿ. ಅಪ್ಪಣೆಗೆ ಮಲಗಿದ ನಾಯಿ ಮುಂಗಾಲು ನೇರ ಚಾಚಿ, ಹಿಂಗಾಲು ಮಡಿಸಿ, ಯಾವ ಕ್ಷಣದಲ್ಲಾದರೂ ನೆಗೆಯಲು ಸಿದ್ಧವಾಗಿರುತ್ತದೆ. ನಿಜವಾಗಿ ಮೈ ಸಡಿಲಿಸಿದ ನಾಯಿಯ ಸೊಂಟ ಒಂದು ಮಗ್ಗುಲಿಗೆ ಹೊರಳಿರುತ್ತದೆ, ಗದ್ದ ನೆಲ ಮುಟ್ಟಿರುತ್ತದೆ, ಉಸಿರು ನಿಧಾನವಾಗಿರುತ್ತದೆ. ಇದಕ್ಕೆ ಕನ್ನಡದಲ್ಲಿ ‘ಒರಗು’ ಎಂಬ ಸೊಗಸಾದ ಪದವಿದೆ. ಕೈಪಿಡಿಯ ವಿವರಣೆಯಲ್ಲಿ ಅದನ್ನೇ ಬಳಸಿ. ಆದರೆ ನಾಯಿಗೆ ಹೇಳಲು ಬೇಡ: ‘ಇರು’, ‘ಒರಗು’ ಎರಡರಲ್ಲೂ ರಕಾರ, ಕೊನೆಯಲ್ಲಿ ಉಕಾರ, ಅವಸರದಲ್ಲಿ ಹೇಳಿದರೆ ಒಂದೇ ಥರ ಕೇಳುತ್ತವೆ.

ಹೇಳಲು ವಸ್ತುವಿನ ಹೆಸರೇ ಒಳ್ಳೆಯದು: ‘ಚಾಪೆ’. ಬೇರೆ ಯಾವ ಅಪ್ಪಣೆಯ ಜೊತೆಗೂ ಗೊಂದಲವಾಗದ ಸದ್ದು. ಆದರೆ ಪದ ಮೊದಲು ಬರಬಾರದು. ನಾಯಿ ತಿರುಗಾಡಿ, ಮಲಮೂತ್ರ ಮುಗಿಸಿ ಬಂದ ಹೊತ್ತಿನಲ್ಲಿ, ಗದ್ದಲವಿಲ್ಲದ ಕೋಣೆಯಲ್ಲಿ ಚಾಪೆ ಹಾಸಿ. ಕಡಲೆಕಾಳಿಗಿಂತ ದೊಡ್ಡದಿರದ ತಿಂಡಿಯ ಚೂರು 15 ಸಾಕು, ಅವೂ ದಿನದ ಊಟದಿಂದಲೇ ತೆಗೆದವು. ಚಾಪೆಯ ಮೇಲೆ ಕಾಲಿಟ್ಟರೆ ಒಂದು, ಮಲಗಿದರೆ ಒಂದು, ಸೊಂಟ ಹೊರಳಿಸಿದರೆ ಎರಡು. ಕೈಯಿಂದ ತಿನ್ನಿಸಬೇಡಿ, ಮುಂಗಾಲುಗಳ ನಡುವೆ ಮೆಲ್ಲಗೆ ಇಡಿ. ಕೈ ನೋಡುತ್ತಾ ಕೂರುವ ನಾಯಿ ಒರಗುವುದಿಲ್ಲ. ನಡುವಿನ ಬಿಡುವು 3 ಸೆಕೆಂಡು, 6, 4, 10, 5 ಹೀಗೆ ಏರುಪೇರಾಗಿರಲಿ. ಒಂದೇ ಸಮನೆ ಹೆಚ್ಚಿಸುತ್ತಾ ಹೋದರೆ ಪ್ರತಿಸಲವೂ ಕಷ್ಟವಾಗುತ್ತಿದೆ ಎಂದು ನಾಯಿ ಎದ್ದು ಹೋಗುತ್ತದೆ. 3ರಿಂದ 5 ನಿಮಿಷ, ದಿನಕ್ಕೆ ಎರಡು ಸಲ. ಚಾಪೆ ಹಾಸುತ್ತಿದ್ದ ಹಾಗೇ ನಾಯಿ ತಾನಾಗಿ ಬಂದು ಒರಗುವುದು ಖಚಿತವಾದ ಮೇಲೆ, ಅದು ಹೊರಟ ಕ್ಷಣದಲ್ಲಿ ‘ಚಾಪೆ’ ಎನ್ನಿ. ಹೊಗಳಿಕೆಯೂ ತಗ್ಗಿದ ದನಿಯಲ್ಲಿರಲಿ. ‘ಭೇಷ್!’ ಎಂದು ಕೂಗಿದರೆ ಒರಗಿದ್ದು ನೆಗೆದು ನಿಲ್ಲುತ್ತದೆ, ತಪ್ಪು ಅದರದ್ದಲ್ಲ.

ಉತ್ತರ 2

ಮೇಲಿನದ್ದಕ್ಕೆ ವ್ಯಾಕರಣದ ಕಡೆಯಿಂದ ಒಂದೆರಡು ಮಾತು. ನಮ್ಮ ಕ್ರಿಯಾಪದಕ್ಕೆ ಬಾಲ ಹೆಚ್ಚು. ಒಬ್ಬರು ‘ಕೂರು’, ಇನ್ನೊಬ್ಬರು ‘ಕೂತ್ಕೋ’, ಮತ್ತೊಬ್ಬರು ಮುದ್ದಿಗೆ ‘ಕೂತ್ಕೊಳ್ಳೋ ಮರಿ’. ನಮಗೆ ಒಂದೇ ಧಾತು, ನಾಯಿಗೆ ಮೂರು ಸದ್ದು. ಒಂದು ರೂಪ ಗೊತ್ತುಮಾಡಿ ಮನೆಮಂದಿಯೆಲ್ಲ ಅದನ್ನೇ ಹೇಳಬೇಕು, ಒಮ್ಮೆ ಮಾತ್ರ ಹೇಳಬೇಕು.

ನಿಷೇಧ ಇನ್ನೂ ಕಷ್ಟ. ‘ಹಾರಬೇಡ’ದಲ್ಲಿ ಮೊದಲು ಕಿವಿಗೆ ಬೀಳುವುದು ‘ಹಾರ’. ‘ಬೇಡ’ ಬರುವಷ್ಟರಲ್ಲಿ ನಾಯಿ ಹಾರಿಯಾಗಿರುತ್ತದೆ. ಅದಿರಲಿ, ‘ಹಾರದಿರುವುದು’ ಒಂದು ಕೆಲಸವೇ ಅಲ್ಲ, ಅದನ್ನು ಮಾಡಿ ತೋರಿಸುವುದು ಹೇಗೆ? ಬದಲಿಗೆ ಏನು ಮಾಡಬೇಕೋ ಅದನ್ನು ಹೇಳಿ: ಬಾಗಿಲ ಗಂಟೆ ಬಾರಿಸಿದರೆ ‘ಚಾಪೆ’.

ಇನ್ನು ಏಳಬಹುದು ಎಂದು ತಿಳಿಸುವ ಬಿಡುಗಡೆಯ ಪದವನ್ನು ಕೈಪಿಡಿಗಳು ಮರೆಯುತ್ತವೆ. ‘ಇರು’ ಎಲ್ಲಿಗೆ ಮುಗಿಯಿತು ಎಂದು ತಿಳಿಯದಿದ್ದರೆ ನಾಯಿ ತಾನೇ ತೀರ್ಮಾನಿಸುತ್ತದೆ. ‘ಆಯ್ತು’, ‘ಸರಿ’ ಬಳಸಬೇಡಿ. ಫೋನಿನಲ್ಲಿ ಯಾರಿಗೋ ‘ಆಯ್ತಾಯ್ತು’ ಅಂದ ತಕ್ಷಣ ನಾಯಿ ಎದ್ದು ಹೊರಡುತ್ತದೆ! ‘ಸಾಕು’ ಕೂಡ ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಪದ. ‘ಹೊರಡು’ ನೋಡಿ, ಮನೆಯೊಳಗೆ ಅಪರೂಪ.

ಉತ್ತರ 3

‘ಪಳಗಿಸು’ ಬಗ್ಗೆ. ಕಾಡಾನೆಯ ಜೊತೆ ಸೇರಿ ಈ ಪದಕ್ಕೆ ಬಗ್ಗಿಸುವ ನೆರಳು ಅಂಟಿಕೊಂಡಿದೆ. ‘ಪಳಗಿದ ಕೈ’ ಎನ್ನುವಾಗ ಮಾತ್ರ ಹಳೆಯ ಅರ್ಥ, ರೂಢಿಯಾಗುವುದು, ಉಳಿದಿದೆ. ತಮಿಳಿನ ಸೋದರ ಪದದಲ್ಲೂ ಒಡನಾಟ, ಅಭ್ಯಾಸದ ಅರ್ಥವೇ. ನಾಯಿ ಹುಟ್ಟಾ ಸಾಕುಪ್ರಾಣಿಯಾದ್ದರಿಂದ ‘ಕಲಿಸು’ ಸಾಕು. ಗಂಟೆಯ ಸದ್ದು, ಬಂದುಹೋಗುವ ಜನ ಇವನ್ನು ಸ್ವಲ್ಪಸ್ವಲ್ಪವಾಗಿ ಸಹಜವಾಗಿಸುವುದಕ್ಕೆ ‘ಒಗ್ಗಿಸು’. ಎರಡನ್ನೂ ಬೆರೆಸಬೇಡಿ: ಗಂಟೆಗೆ ಒಗ್ಗದ ನಾಯಿಗೆ ಚಾಪೆ ಎಷ್ಟು ಕಲಿಸಿದರೂ ಗಂಟೆ ಬಾರಿಸಿದಾಗ ಅದು ಅಲ್ಲಿ ನಿಲ್ಲದು. ಮೊದಲು ಗಂಟೆಯ ಸದ್ದನ್ನು ಧ್ವನಿಮುದ್ರಿಸಿ, ನಾಯಿ ಕಿವಿ ನಿಮಿರಿಸುವಷ್ಟು ಸಣ್ಣಗೆ ಕೇಳಿಸಿ, ಬೆನ್ನಿಗೇ ತಿಂಡಿ ಕೊಡಿ. ಬೊಗಳಿದರೆ ಸದ್ದು ಹೆಚ್ಚಾಯಿತೆಂದು ಅರ್ಥ, ಇಳಿಸಿ.

ಇನ್ನೊಂದು. ಗಮನ ಸೆಳೆಯಲು ಬೊಗಳುವ ನಾಯಿಯನ್ನು ನೋಡದೆ ಬಿಟ್ಟರೆ ಕಡಿಮೆಯಾಗುವ ಮೊದಲು ಬೊಗಳಾಟ ಜೋರಾಗುವುದುಂಟು. ಇದಕ್ಕೆ ‘ಆರುವ ದೀಪದ ಉರಿ’ ಎಂಬ ಮಾತು ಹೇಳಿ ಮಾಡಿಸಿದಂತಿದೆ. ಆ ಹೊತ್ತಿನಲ್ಲಿ ಸೋತು ತಿಂಡಿ ಎಸೆದರೆ, ಇಷ್ಟು ಜೋರಾಗಿ ಬೊಗಳಬೇಕು ಎಂದು ಕಲಿಸಿದಂತೆ. ಒಬ್ಬಂಟಿಯಾದಾಗ ಜೊಲ್ಲು ಸುರಿಸಿ ಬಾಗಿಲು ಕೆರೆಯುವುದು ಮಾತ್ರ ಬೇರೆ. ಅದು ಗಮನಕ್ಕಾಗಿ ಅಲ್ಲ, ದಿಗಿಲು. ಅಲ್ಲಿ ‘ನೋಡದೆ ಬಿಡಿ’ ಎಂದು ಬರೆಯಬೇಡಿ.