ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿನಾ, ಡಿಪ್ಲೊಮಾನಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 10ನೇ ತರಗತಿ, ಕನ್ನಡ ಮಾಧ್ಯಮ. ಇಂಜಿನಿಯರ್ ಆಗುವ ಆಸೆ ಇದೆ. ಯಾವ ದಾರಿ ಒಳ್ಳೆಯದು? ಸರ್ಕಾರದ ಸೌಲಭ್ಯಗಳಲ್ಲಿ ನಿಜಕ್ಕೂ ಕೈಗೆ ಸಿಗುವುದು ಯಾವುದು?

ಉತ್ತರ 1: ಅಕ್ಕಾ, ಮೊದಲು ಕಾಗದಪತ್ರ ನೋಡಿಕೊಳ್ಳಿ. ಸಿಇಟಿ (ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಹತ್ತೂ ವರ್ಷ ಆಗಿರಬೇಕು. ಮಧ್ಯೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಕೋಟಾ ಕೈಬಿಟ್ಟ ಹಾಗೇ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಸಾಲದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ನನ್ನ ಮಗ 7ರವರೆಗೆ ನಮ್ಮೂರಲ್ಲಿ, ಆಮೇಲೆ ಪಕ್ಕದ ತಾಲ್ಲೂಕಿನ ಹೈಸ್ಕೂಲಲ್ಲಿ ಓದಿದ್ದ. ಹಾಗಾಗಿ ಎರಡು ಶಾಲೆ, ಎರಡು ಬಿಇಒ ಕಚೇರಿ. ಒಂದು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಅದನ್ನು ಸರಿಮಾಡಿಸಲು ಓಡಾಡಿದ್ದೇ ಓಡಾಡಿದ್ದು! ಟಿಸಿ ತೆಗೆದುಕೊಳ್ಳುವಾಗಲೇ ಇವನ್ನೂ ಮಾಡಿಸಿಬಿಡಿ. ಪಿಯುಸಿಗೆ ಸೇರಿಸಿದರೆ ಸುಮ್ನೆ ಸಿಇಟಿ ಕೋಚಿಂಗ್ ಒಂದನ್ನೇ ನಂಬಬೇಡಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕವೂ ಅರ್ಧ ಲೆಕ್ಕಕ್ಕೆ ಬರುತ್ತದೆ.

ಉತ್ತರ 2: ನಾನು ಡಿಪ್ಲೊಮಾ ಮಾಡಿ ಬಂದವಳು. ಸೇರಲು ಪ್ರವೇಶ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಅಂಕವೇ ಆಧಾರ. 3 ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ನೇರ ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಪಿಯುಸಿ ಮಾಡಿ ಹೋದರೂ ಒಟ್ಟು 6 ವರ್ಷ, ಹೀಗೆ ಹೋದರೂ 6 ವರ್ಷವೇ ಅಲ್ವಾ? ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದರೆ ನನ್ನ ಓಟು ಡಿಪ್ಲೊಮಾಗೆ. ನಡುವೆ ಕೆಲಸಕ್ಕೆ ಸೇರಿಕೊಳ್ಳಬಹುದು. ಆದರೆ ಬಿಇ ಗಣಿತ ಮಾತ್ರ ನನ್ನ ಬೆವರಿಳಿಸಿತು. ಪಿಯುಸಿಯವರಷ್ಟು ಗಣಿತ ನಮಗೆ ಆಗಿರುವುದಿಲ್ಲ.

ಉತ್ತರ 3: ಹೈಸ್ಕೂಲ್ ಮೇಷ್ಟ್ರು ನಾನು. ಕೆಲವು ಸರ್ಕಾರಿ ಶಾಲೆಗಳಲ್ಲಿ ತೃತೀಯ ಭಾಷೆ ಬದಲು ಐಟಿ, ಆಟೊಮೊಬೈಲ್ ಥರದ ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಅದನ್ನು 9ರಲ್ಲೇ ಆರಿಸಬೇಕು, ನಿಮ್ಮ ಮಗಳಿಗೆ ಇನ್ನು ಬರುವುದಿಲ್ಲ. ಆದರೆ 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಗಣಿತದಲ್ಲಿ ಅಂಕ ಕಡಿಮೆ ಬಂದರೆ ಮತ್ತೆ ಬರೆಯಲಿ, ಜಾಸ್ತಿ ಬಂದದ್ದೇ ಉಳಿಯುತ್ತದೆ. ಇನ್ನು ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ಸೈನ್ಸ್‌ನಲ್ಲಿ ಎಡವುವುದು ಬುದ್ಧಿ ಸಾಲದೆ ಅಲ್ಲ, ಪಾಠ ದಿಢೀರನೆ ಇಂಗ್ಲಿಷಿಗೆ ಹೊರಳುವುದರಿಂದ. ಅದಕ್ಕೊಂದು ಉಪಾಯ ಇದೆ. ರಜೆಯಲ್ಲಿ ಇದೇ 10ನೇ ತರಗತಿಯ ವಿಜ್ಞಾನ, ಗಣಿತವನ್ನು ಇಂಗ್ಲಿಷ್ ಮಾಧ್ಯಮದ ಪುಸ್ತಕದಲ್ಲಿ ಓದಿಸಿ. ಪಾಠ ಗೊತ್ತಿರುವುದೇ ಆದ್ದರಿಂದ ಭಾಷೆಯ ಕಡೆಗಷ್ಟೇ ಗಮನ ಕೊಟ್ಟರಾಯಿತು. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕ ಪುಕ್ಕಟೆ ಸಿಗುತ್ತದೆ.